ಬೆಳಕಿನ ದಾರ

ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಫೋನು. ಚಿಕ್ಕಮ್ಮ ಸುಮ್ಮಸುಮ್ಮನೆ ಫೋನ್ ಮಾಡುವವಳಲ್ಲ. ಮಾಡಿದರೂ ಮೊದಲು ಮಳೆ, ಆಮೇಲೆ ನನ್ನ ಊಟ, ಆಮೇಲೆ ನನ್ನ ಮದುವೆ, ಕೊನೆಗೆ ವಿಷಯ. ಅವತ್ತು ನೇರವಾಗಿ ವಿಷಯಕ್ಕೇ ಬಂದಳು.

“ಲೋ, ಪುಟ್ಟಿ ಫಿಸಿಕ್ಸ್‌ನಲ್ಲಿ 35ಕ್ಕೆ 8 ತಗೊಂಡವಳೆ. ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ. ಕಾಮರ್ಸ್‌ಗೆ ಹಾಕಿಬಿಡ್ಲಾ? ಬದಲಾಯಿಸೋದಿದ್ರೆ ಈ ವಾರದೊಳಗೆ ಹೇಳಿ ಅಂದವ್ರಂತೆ ಕಾಲೇಜಲ್ಲಿ.”

ನನಗೆ ಉತ್ತರ ತಕ್ಷಣ ಬಾಯಿಗೆ ಬರಲಿಲ್ಲ. ಕಾರಣ ಇದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ‘ಸೈನ್ಸೇ ಕೊಡಿಸು ಚಿಕ್ಕಮ್ಮ, ನಾನಿದ್ದೀನಿ’ ಅಂತ ದೊಡ್ಡದಾಗಿ ಹೇಳಿದವನು ನಾನೇ. ಚಿಕ್ಕಮ್ಮ ಬ್ಲೌಸ್ ಹೊಲಿದು ಕೂಡಿಟ್ಟ ದುಡ್ಡಿನಲ್ಲಿ ಫೀಸು ಕಟ್ಟಿದ್ದಾಳೆ. ಪುಟ್ಟಿ ಒಂದನೇ ಕ್ಲಾಸಿನಿಂದ ಹತ್ತರವರೆಗೆ ಕನ್ನಡ ಮಾಧ್ಯಮ, ವಿಜ್ಞಾನದಲ್ಲಿ 91 ತೆಗೆದವಳು. ಈಗ ಫಸ್ಟ್ ಪಿಯುಸಿ, ಪಿಸಿಎಂಬಿ. ‘ನಾನಿದ್ದೀನಿ’ ಅಂದವನು ಜೂನ್, ಜುಲೈ ಎರಡೂ ತಿಂಗಳು ರಿಲೀಸು, ಡೆಡ್‌ಲೈನು ಅಂತ ಒಂದು ಸಲವೂ ಫೋನ್ ಮಾಡಿ ವಿಚಾರಿಸಿರಲಿಲ್ಲ.

“ಎರಡು ದಿನ ಕೊಡು ಚಿಕ್ಕಮ್ಮ, ಅವಳ ಹತ್ತಿರ ಮಾತಾಡ್ತೀನಿ” ಅಂದೆ. ಫೋನಿಟ್ಟ ಮೇಲೆ ನನಗೆ ನೆನಪಾದದ್ದು ಪುಟ್ಟಿಯಲ್ಲ, 2012ರ ನಾನು.

ತಿಪಟೂರು ಕಡೆಯ ಹಳ್ಳಿ ನಮ್ಮದು. ನಾನು ಪಿಯುಸಿ ಸೇರಿದ ವರ್ಷವೇ ಫಸ್ಟ್ ಪಿಯುಸಿ ಸೈನ್ಸ್‌ಗೆ ಎನ್‌ಸಿಇಆರ್‌ಟಿ ಸಿಲಬಸ್ ಬಂದಿತ್ತು. ಹಿಂದಿನ ವರ್ಷದ ಅಣ್ಣಂದಿರ ನೋಟ್ಸು ಕೆಲಸಕ್ಕೆ ಬರದು. ಅದು ಹೋಗಲಿ ಅಂದರೆ ಪಾಠ, ಪುಸ್ತಕ, ಪ್ರಶ್ನೆಪತ್ರಿಕೆ ಎಲ್ಲವೂ ಇಂಗ್ಲಿಷು. ಮಾರ್ಚಿನವರೆಗೆ ನನ್ನ ತಲೆಯಲ್ಲಿ ಬಲ, ಸಂವೇಗ, ಜಡತ್ವ, ವೇಗೋತ್ಕರ್ಷ ಅಂತ ಜಾಗ ಹಿಡಿದು ಕೂತಿದ್ದ ಪದಗಳು ಜೂನ್ ಹೊತ್ತಿಗೆ ನಿರುದ್ಯೋಗಿಗಳಾದವು.

ಆಗ ನನ್ನ ಹತ್ತಿರ ಒಂದು ಇಂಗ್ಲಿಷ್–ಕನ್ನಡ ಡಿಕ್ಷನರಿ ಇತ್ತು. ನನ್ನನ್ನು ಹಾಳು ಮಾಡಿದ್ದೇ ಅದು. ಮೇಜಿನ ಮೇಲಿಟ್ಟ ವಸ್ತುವನ್ನು ಮೇಜು ಮೇಲಕ್ಕೆ ತಳ್ಳುವ ಬಲಕ್ಕೆ ‘ನಾರ್ಮಲ್ ಫೋರ್ಸ್’ ಅನ್ನುತ್ತಾರೆ. ಡಿಕ್ಷನರಿ ನೋಡಿದೆ: ನಾರ್ಮಲ್ ಅಂದರೆ ಸಾಮಾನ್ಯ. ಸರಿ, ಇದು ಸಾಮಾನ್ಯ ಬಲ, ಹಾಗಾದರೆ ವಿಶೇಷ ಬಲ ಎಲ್ಲೋ ಮುಂದಿನ ಪಾಠದಲ್ಲಿ ಬರಬಹುದು ಅಂತ ಕಾದೆ. ಅಲ್ಲಿ ನಾರ್ಮಲ್ ಅಂದರೆ ‘ಲಂಬ’ ಅನ್ನುವುದು ಗೊತ್ತಾಗುವ ಹೊತ್ತಿಗೆ ದಸರಾ ರಜೆ ಬಂದಿತ್ತು. ‘ಬಾಡಿ ಅಟ್ ರೆಸ್ಟ್’ ಅಂದರೆ ದೇಹ ವಿಶ್ರಾಂತಿ ತಗೊಳ್ಳುತ್ತಿದೆ. ‘ಮೊಮೆಂಟ್ ಆಫ್ ಇನರ್ಷಿಯಾ’ ಅಂದರೆ ಜಡತ್ವದ ಕ್ಷಣ. ಯಾವ ಕ್ಷಣ ಅಂತ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ‘ಸ್ಮೂತ್’ ಅಂದರೆ ನುಣುಪು. ಅದು ಸರಿಯೇ, ಆದರೆ ಲೆಕ್ಕದಲ್ಲಿ ಆ ಪದ ಬಂದರೆ ‘ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯಬೇಡ’ ಅಂತ ಸೂಚನೆ. ಅದನ್ನು ಯಾವ ಡಿಕ್ಷನರಿಯೂ ಹೇಳುವುದಿಲ್ಲ.

ಇವೆಲ್ಲಕ್ಕೂ ಕಿರೀಟ ಇಟ್ಟಂತೆ ರಾಟೆಯ ಲೆಕ್ಕ. ಒಂದು ರಾಟೆ, ಅದರ ಮೇಲೆ ‘ಲೈಟ್ ಸ್ಟ್ರಿಂಗ್’, ಎರಡು ತುದಿಗೆ ಎರಡು ತೂಕ. ನಾನು ಇಡೀ ಒಂದು ಸಂಜೆ ಬೆಳಕಿನ ದಾರವನ್ನು ಕಲ್ಪಿಸಿಕೊಂಡು ಕೂತಿದ್ದೆ. ಲೇಸರ್ ಥರದ್ದೇನೋ ಇರಬೇಕು, ಅದರಿಂದ ತೂಕ ಹೇಗೆ ನೇತುಹಾಕುತ್ತಾರೆ? ಹಗುರವಾದ ದಾರ, ಅಂದರೆ ದಾರದ ತೂಕವನ್ನು ಮರೆತುಬಿಡು ಅಂತ ಅರ್ಥ. ಅಷ್ಟೇ. ಈಗ ನಗು ಬರುತ್ತದೆ. ಆ ಸಂಜೆ ನಗು ಬಂದಿರಲಿಲ್ಲ. ನಾನು ದಡ್ಡ ಅಂತ ತೀರ್ಮಾನ ಮಾಡಿಕೊಂಡು ದೀಪ ಆರಿಸಿದ್ದೆ.

ಮೊದಲ ಟೆಸ್ಟಿನಲ್ಲಿ ನನಗೆ ಬಂದದ್ದು ಪುಟ್ಟಿಗಿಂತಲೂ ಕಡಿಮೆ. ಅದನ್ನು ಇವತ್ತಿನವರೆಗೂ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಈ ಅಂಕಣ ಓದಿದರೆ ಅಮ್ಮನಿಗೆ ಈಗ ಗೊತ್ತಾಗುತ್ತದೆ.

ಸೋಮವಾರ ರಾತ್ರಿ ಪುಟ್ಟಿಗೆ ಫೋನ್ ಮಾಡಿದೆ. ಮೊದಲು ಹತ್ತು ನಿಮಿಷ ಬರೀ ಮೌನ. “ಪ್ರಶ್ನೆಪತ್ರಿಕೆ ಫೋಟೊ ಕಳಿಸು” ಅಂದೆ, ಕಳಿಸಿದಳು. ಅದರಲ್ಲೊಂದು ಪ್ರಶ್ನೆ: ಮೇಲಕ್ಕೆಸೆದ ಕಲ್ಲು ಅತಿ ಎತ್ತರದ ಬಿಂದುವಿನಲ್ಲಿದ್ದಾಗ ಅದರ ವೆಲಾಸಿಟಿ ಎಷ್ಟು, ಆಕ್ಸಲರೇಷನ್ ಎಷ್ಟು? ಪುಟ್ಟಿ ಎರಡಕ್ಕೂ ಸೊನ್ನೆ ಬರೆದಿದ್ದಳು. ಇದು ತುಂಬಾ ಜನ ಮಾಡುವ ತಪ್ಪು, ನಾನೂ ಮಾಡಿದ್ದೆ.

ನನ್ನ ಕೆಲಸದಲ್ಲಿ ದಿನಾ ಮಾಡುವುದು ಒಂದೇ. ಪ್ರೋಗ್ರಾಮ್ ಕೆಟ್ಟರೆ ಎಲ್ಲವನ್ನೂ ಒಟ್ಟಿಗೆ ಕೆದಕಬಾರದು. ಒಂದನ್ನು ಮಾತ್ರ ಬದಲಾಯಿಸಿ, ಉಳಿದದ್ದನ್ನು ಹಾಗೇ ಇಟ್ಟು, ತಪ್ಪು ಎಲ್ಲಿದೆ ನೋಡಬೇಕು. ನಾನು ಇಲ್ಲಿ ಭಾಷೆಯನ್ನು ಮಾತ್ರ ಬದಲಾಯಿಸಿದೆ.

“ಪುಟ್ಟಿ, ಪುಸ್ತಕ ಮುಚ್ಚು. ಅಂಗಳದಲ್ಲಿ ನಿಂತು ಕಲ್ಲನ್ನು ನೆಟ್ಟಗೆ ಮೇಲಕ್ಕೆ ಎಸೆದೆ ಅಂತಿಟ್ಕೊ. ತುದಿಗೆ ಹೋದಾಗ ಏನಾಗುತ್ತೆ?”

“ಒಂದು ಗಳಿಗೆ ನಿಲ್ಲುತ್ತೆ.”

“ಆಗ ಭೂಮಿ ಎಳೆಯೋದನ್ನ ಬಿಟ್ಟಿರುತ್ತಾ?”

“ಅದ್ಹೆಂಗಣ್ಣ ಬಿಡುತ್ತೆ? ಬಿಟ್ರೆ ಕಲ್ಲು ಅಲ್ಲೇ ನೇತಾಡ್ತಿತ್ತು. ಎಳೀತಾ ಇರೋದಕ್ಕೇ ತಾನೇ ವಾಪಸ್ ಬರೋದು?”

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಕ್ಸಲರೇಷನ್ ಸೊನ್ನೆಯಲ್ಲ, ಕೆಳಮುಖವಾಗಿ 9.8, ತುದಿಯಲ್ಲೂ ಅಷ್ಟೇ, ಬುಡದಲ್ಲೂ ಅಷ್ಟೇ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೂ ಗೊತ್ತಿಲ್ಲ. ಎರಡು ದಿನ ಊಟ ಬಿಟ್ಟ ಹುಡುಗಿ ಅದನ್ನು ಒಂದೇ ಉಸಿರಿಗೆ ಹೇಳಿದ್ದಳು.

“ಹಾಗಾದ್ರೆ ಸೊನ್ನೆ ಯಾಕೆ ಬರೆದೆ?”

“ಆಕ್ಸಲರೇಷನ್ ಅಂದ್ರೆ ಸ್ಪೀಡು ಅಲ್ವಾ? ಗಾಡಿ ಆಕ್ಸಿಲರೇಟರ್ ಥರ?”

ಅವಳಿಗೆ ವೇಗೋತ್ಕರ್ಷ ಗೊತ್ತು. ಒಂಬತ್ತನೇ ಕ್ಲಾಸಿನಲ್ಲಿ ಅದರ ಲೆಕ್ಕ ಮಾಡಿದ್ದಾಳೆ. ಈ ಆಕ್ಸಲರೇಷನ್ನು ಆ ವೇಗೋತ್ಕರ್ಷವೇ ಅಂತ ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಿದ್ದರೂ 80 ಜನರ ಕ್ಲಾಸಿನಲ್ಲಿ, ಕೊನೆಯಿಂದ ಎರಡನೇ ಬೆಂಚಿಗೆ ಅದು ತಲುಪಿರಲಿಲ್ಲ.

ಇಲ್ಲಿ ಒಂದು ಮಾತು. ಎಲ್ಲವನ್ನೂ ಇಂಗ್ಲಿಷಿನ ತಲೆಗೆ ಕಟ್ಟುವುದು ಸರಿಯಲ್ಲ. ವೇಗೋತ್ಕರ್ಷ ಅನ್ನುವುದೇನು ನಮ್ಮ ಮನೆಯಲ್ಲಿ ಆಡುವ ಮಾತೇ? ಸಂವೇಗ, ವಕ್ರೀಭವನ, ವಿಭವಾಂತರ – ಇವನ್ನೂ ಒಂದು ದಿನ ಹೊಸದಾಗಿಯೇ ಕಲಿತಿದ್ದೆವು. ಕಲಿಸುವಾಗ ಮೇಷ್ಟ್ರು ಬಸ್ಸಿನ ಬ್ರೇಕು, ಎತ್ತಿನ ಗಾಡಿ, ನೀರಲ್ಲಿ ಬಾಗಿ ಕಾಣುವ ಕಡ್ಡಿ ಅಂತ ತೋರಿಸಿದ್ದರು, ನಿಧಾನವಾಗಿ ಹೇಳಿದ್ದರು. ಪಿಯುಸಿಯಲ್ಲಿ ಪದ ಹೊಸದು, ಜೊತೆಗೆ ಪಾಠದ ಓಟವೂ ಹೊಸದು. ಹತ್ತನೇ ಕ್ಲಾಸಿನಲ್ಲಿ ತಿಂಗಳು ನಡೆಯುತ್ತಿದ್ದಷ್ಟು ವಿಷಯ ಇಲ್ಲಿ ಒಂದು ವಾರಕ್ಕೆ ಮುಗಿದಿರುತ್ತದೆ.

ಇನ್ನೊಂದು ತೊಡಕಿದೆ, ಅದನ್ನು ಅಪ್ಪ ಅಮ್ಮಂದಿರಿಗೆ ಯಾರೂ ಹೇಳುವುದಿಲ್ಲ. ಫಿಸಿಕ್ಸ್ ಲೆಕ್ಚರರ್ ಜೂನ್–ಜುಲೈನಲ್ಲೇ ಚಲನೆಯ ಪಾಠದಲ್ಲಿ ಡಿಫರೆನ್ಷಿಯೇಷನ್ ಬರೆಯಲು ಶುರು ಮಾಡುತ್ತಾರೆ. ಗಣಿತದ ಪುಸ್ತಕದಲ್ಲಿ ಅದು ಬರುವುದು ಕೊನೆಯ ಅಧ್ಯಾಯಗಳ ಹತ್ತಿರ. ಇಂಟಿಗ್ರೇಷನ್ ಅಂತೂ ಸೆಕೆಂಡ್ ಪಿಯುಸಿಗೆ. ಅಂದರೆ ಮಗು ಮೂರ್ನಾಲ್ಕು ತಿಂಗಳು ತನಗೆ ಇನ್ನೂ ಕಲಿಸದ ಗಣಿತದಲ್ಲಿ ಬರೆದ ಫಿಸಿಕ್ಸನ್ನು ಬೋರ್ಡಿನಿಂದ ನಕಲು ಮಾಡಿಕೊಳ್ಳುತ್ತಿರುತ್ತದೆ. ಇದು ಯಾರ ತಪ್ಪು ಅಂತ ಬೆರಳು ತೋರಿಸುವುದು ಕಷ್ಟ. ಎರಡೂ ಪುಸ್ತಕಕ್ಕೆ ಅದರದರದೇ ಕ್ರಮ ಇದೆ. ಆದರೆ ಅದು ಮಗುವಿನ ತಪ್ಪಲ್ಲ ಅನ್ನುವುದು ಖಂಡಿತ.

ಆ ವಾರ ನಾವು ದಿನಾ ರಾತ್ರಿ ಒಂಬತ್ತರಿಂದ ಹತ್ತರವರೆಗೆ ಕೂತೆವು. ಡಿಫರೆನ್ಷಿಯೇಷನ್ ಅನ್ನುವ ಹೆಸರನ್ನೇ ಎತ್ತಲಿಲ್ಲ. ಬಸ್‌ಸ್ಟ್ಯಾಂಡ್ ಬಿಟ್ಟ ಬಸ್ಸು ಹತ್ತು ಸೆಕೆಂಡಿನಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗ ಹಿಡಿಯಿತು. ಅಂದರೆ ಸೆಕೆಂಡಿಗೆ 10 ಮೀಟರ್. ಹಾಗಾದರೆ ಒಂದೊಂದು ಸೆಕೆಂಡಿಗೆ ವೇಗ ಎಷ್ಟೆಷ್ಟು ಏರಿತು? ಒಂದೊಂದು ಮೀಟರ್. “ಇದೇನಾ ಆಕ್ಸಲರೇಷನ್ನು?” ಅಂದಳು. ಇದೇ. ಗ್ರಾಫ್ ಹಾಳೆಯಲ್ಲಿ ಗೆರೆ ಎಷ್ಟು ಕಡಿದಾಗಿ ಏರುತ್ತದೆ ಅನ್ನುವುದೂ ಇದೇ.

ಆಮೇಲೆ ರಾಟೆಯ ಲೆಕ್ಕ. ಎನ್‌ಸಿಇಆರ್‌ಟಿ ಪುಸ್ತಕದ ಅಭ್ಯಾಸದಲ್ಲಿ ಅದು ಈಗಲೂ ಇದೆ: ಒಂದು ಕಡೆ 8 ಕೆ.ಜಿ., ಇನ್ನೊಂದು ಕಡೆ 12 ಕೆ.ಜಿ. “ಮೊದಲು ಲೈಟ್ ಸ್ಟ್ರಿಂಗ್ ಅಂದ್ರೇನು ಹೇಳು” ಅಂದೆ. ಅವಳು ತಡವರಿಸಿದಳು. ನಾನು ಬೆಳಕಿನ ದಾರದ ಕತೆ ಹೇಳಿದೆ. ಆ ಕಡೆಯಿಂದ ನಗು, ಹಿಂದೆಯೇ ಚಿಕ್ಕಮ್ಮನ ದನಿ, “ಯಾಕೆ ನಗ್ತಿದೀಯೆ?” ಎರಡು ತಿಂಗಳ ಮೇಲೆ ಆ ಮನೆಯಲ್ಲಿ ಫಿಸಿಕ್ಸ್ ಪುಸ್ತಕದ ಎದುರು ಕೇಳಿಸಿದ ಮೊದಲ ನಗು ಅದಂತೆ.

ಸೂತ್ರ ಬರೆಯಲು ಬಿಡಲಿಲ್ಲ. “ಬಾವಿ ರಾಟೆಗೆ ಎರಡೂ ಕಡೆ ಬಿಂದಿಗೆ ಕಟ್ಟಿದೆ. ಒಂದು ಎಂಟು ಕೆ.ಜಿ., ಒಂದು ಹನ್ನೆರಡು. ಕೈ ಬಿಟ್ಟೆ. ಹಗ್ಗದಲ್ಲಿ ಎಷ್ಟು ಎಳೆತ ಇರಬಹುದು? ಲೆಕ್ಕ ಬೇಡ, ಅಂದಾಜು ಹೇಳು.” ಒಂದು ನಿಮಿಷ ಯೋಚಿಸಿದಳು. ಎಂಟು ಕೆ.ಜಿ. ಮೇಲೆ ಹೋಗುತ್ತೆ, ಅಂದರೆ ಹಗ್ಗ ಅದರ ತೂಕಕ್ಕಿಂತ ಜಾಸ್ತಿ ಎಳೀಬೇಕು. ಹನ್ನೆರಡು ಕೆ.ಜಿ. ಕೆಳಗೆ ಬರುತ್ತೆ, ಅಂದರೆ ಹಗ್ಗ ಅದನ್ನ ಪೂರ್ತಿ ತಡೀತಿಲ್ಲ. ಆಗ ಎಳೆತ 80 ನ್ಯೂಟನ್‌ಗಿಂತ ಜಾಸ್ತಿ, 120ಕ್ಕಿಂತ ಕಡಿಮೆ. ಆಮೇಲೆ ಎರಡು ಬಿಂದಿಗೆಗೂ ಬೇರೆ ಬೇರೆ ಚಿತ್ರ ಬರೆದು, ಯಾವ ಬಲ ಮೇಲಕ್ಕೆ, ಯಾವುದು ಕೆಳಕ್ಕೆ ಅಂತ ಬಾಣ ಹಾಕಿ ಲೆಕ್ಕ ಮಾಡಿದಳು. ಸೆಕೆಂಡಿಗೆ ಸೆಕೆಂಡಿಗೆ 2 ಮೀಟರ್ ವೇಗೋತ್ಕರ್ಷ, 96 ನ್ಯೂಟನ್ ಎಳೆತ. ಅಂದಾಜಿನ ನಡುವೆಯೇ ಬಂತು. “ಅಣ್ಣ, ಉತ್ತರ ಸರಿ ಇದೆಯಾ ಅಂತ ಹಿಂದಿನ ಪುಟ ನೋಡ್ದೇನೇ ಗೊತ್ತಾಯ್ತು” ಅಂದಳು. ಪಿಯುಸಿಯ ಎರಡು ವರ್ಷದಲ್ಲಿ ನನಗೆ ಒಂದು ಸಲವೂ ಹಾಗೆ ಅನ್ನಿಸಿರಲಿಲ್ಲ.

ನಾನು ಪಿಯುಸಿ ದಾಟಿದ್ದು ಬೇರೆ ದಾರಿಯಲ್ಲಿ. ಅರ್ಥ ಮಾಡಿಕೊಳ್ಳುವ ಆಸೆಯನ್ನು ಬಿಟ್ಟು ಡಿರೈವೇಷನ್ನುಗಳನ್ನು ಹಾಡಿನ ಹಾಗೆ ಉರು ಹೊಡೆದೆ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಒಂದಕ್ಕೆ 80 ಸೆಕೆಂಡು. ಅಲ್ಲಿ ಯೋಚಿಸುವವನಿಗಿಂತ ಗುರುತು ಹಿಡಿಯುವವನಿಗೆ ಅನುಕೂಲ. ಗುರುತು ಹಿಡಿದೆ, ಸೀಟು ಸಿಕ್ಕಿತು, ಇಂಜಿನಿಯರ್ ಆದೆ. ನನ್ನಂಥವರು ಸಾಫ್ಟ್‌ವೇರ್ ಕಂಪನಿಗಳಲ್ಲಿ ಸಾಲುಸಾಲಾಗಿ ಕೂತಿದ್ದೇವೆ. ಜಡತ್ವ ಚೆನ್ನಾಗಿ ಅರ್ಥವಾಗಿದ್ದು ಔಟರ್ ರಿಂಗ್ ರೋಡಿನ ಬಸ್ಸಿನಲ್ಲಿ ನಿಂತು ಓಡಾಡುವಾಗ.

ಹೀಗೆ ದಾಟಲಾಗದ ಒಬ್ಬನಿದ್ದ. ನನ್ನ ಬೆಂಚಿನವನು. ಅವನ ಅಪ್ಪ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದರು. ಇವನು ಏಳನೇ ಕ್ಲಾಸಿಗೇ ಸ್ಟಾರ್ಟರ್ ಬಿಚ್ಚಿ ಜೋಡಿಸುತ್ತಿದ್ದ. ಲ್ಯಾಬಿನಲ್ಲಿ ನಾವು ಸ್ಕ್ರೂ ಗೇಜಿನ ಮುಂದೆ ಕಣ್ಣುಕಣ್ಣು ಬಿಡುತ್ತಿದ್ದರೆ, ಇವನು ಮೊದಲ ದಿನವೇ ವೈಂಡಿಂಗ್ ತಂತಿಯ ದಪ್ಪವನ್ನು ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಓದಿ ಹೇಳಿದ್ದ. ನಮ್ಮ ಕ್ಲಾಸಿನಲ್ಲಿ ಫಿಸಿಕ್ಸ್ ಯಾರಿಗಾದರೂ ಗೊತ್ತಿದ್ದರೆ ಅದು ಅವನಿಗೆ.

ಒಂದು ಸಂಜೆ ಬಸ್ಸಿನಲ್ಲಿ ಬರುವಾಗ ಕೇಳಿದ, “ಲೋ, ನಿಜ ಹೇಳು, ನಿಂಗೆ ಕ್ಲಾಸಲ್ಲಿ ಹೇಳೋದು ಅರ್ಥ ಆಗುತ್ತಾ?”

“ಹೂಂ, ಸುಮಾರಾಗಿ ಆಗುತ್ತೆ” ಅಂದೆ.

ಸುಳ್ಳು. ಏನೂ ಆಗುತ್ತಿರಲಿಲ್ಲ. ಅವನು ಕಿಟಕಿ ಕಡೆ ತಿರುಗಿದ. ದಸರಾ ರಜೆ ಮುಗಿದ ಮೇಲೆ ಕಾಲೇಜಿಗೆ ಬರಲಿಲ್ಲ.

ಅವನ ಬದುಕೇನೂ ಹಾಳಾಗಲಿಲ್ಲ, ಹಾಗೆ ಬರೆದರೆ ಅವನಿಗೆ ಅವಮಾನ. ಸ್ವಂತ ಅಂಗಡಿ ಇದೆ, ನಾಲ್ಕು ಹುಡುಗರಿಗೆ ಕೆಲಸ ಕೊಟ್ಟಿದ್ದಾನೆ. ಹೋದ ವರ್ಷ ಜಾತ್ರೆಯಲ್ಲಿ ಸಿಕ್ಕಾಗ ನನ್ನನ್ನು ತನ್ನ ಮಗನಿಗೆ ತೋರಿಸಿ, “ಈ ಮಾಮನಿಗೆ ಫಿಸಿಕ್ಸ್ ಎಲ್ಲ ಅರ್ಥ ಆಗ್ತಿತ್ತು, ನಂಗೆ ಆಗ್ತಿರಲಿಲ್ಲ, ಅದಕ್ಕೇ ಬಿಟ್ಟೆ” ಅಂದ. ಕೈಯಲ್ಲಿ ಕಡ್ಲೆಪುರಿ ಪೊಟ್ಟಣ ಹಿಡಿದು ನಾನು ನಗುತ್ತಾ ನಿಂತಿದ್ದೆ. ಆಗಲೂ ಹೇಳಲಿಲ್ಲ.

ಪುಟ್ಟಿಗೆ ಇದನ್ನು ಹೇಳಿದೆ. ಯಾಕೆ ಹೇಳಿದೆನೋ, ಆ ವಾರದ ಐದನೇ ದಿನವೋ ಆರನೇ ದಿನವೋ ಮಾತಿಗೆ ಮಾತು ಬಂತು. ಅವಳು ಕೇಳಿಸಿಕೊಂಡು, “ಅವ್ರು ನಿಂಗೆ ಕೇಳೋ ಬದ್ಲು ಸರ್‌ಗೆ ಕೇಳ್ಬೋದಿತ್ತು” ಅಂದಳು.

“ನೀನು ಕೇಳ್ತೀಯಾ?”

ಉತ್ತರ ಬರಲಿಲ್ಲ.

ಚಿಕ್ಕಮ್ಮನಿಗೆ ಕೊಡಬೇಕಾದ ಉತ್ತರದ ವಿಷಯಕ್ಕೆ ಬಂದರೆ, ನಾನು ಹೇಳಿದ್ದು ಇಷ್ಟು: ಕಾಮರ್ಸ್ ಕೀಳಲ್ಲ, ಅಕೌಂಟ್ಸ್ ಇಷ್ಟ ಅಂತ ಅವಳು ಹೇಳಿದರೆ ನಾಳೆಯೇ ಬದಲಾಯಿಸು. ಆದರೆ ಅವಳಿಗೆ ಬಾರದೇ ಇದ್ದದ್ದು ಫಿಸಿಕ್ಸ್ ಅಂತ ನನಗೆ ಅನ್ನಿಸುತ್ತಿಲ್ಲ. ಡಿಸೆಂಬರ್‌ವರೆಗೆ ಮಾರ್ಕ್ಸ್ ನೋಡಬೇಡ. ಚಿಕ್ಕಮ್ಮ “ನೋಡದೇ ಇರಕ್ಕಾಗುತ್ತೇನೋ” ಅಂತ ಗೊಣಗಿದಳು, ಆದರೂ ಬದಲಾಯಿಸಲಿಲ್ಲ. ಜವಾಬ್ದಾರಿ ಈಗ ನನ್ನ ಮೇಲೆ. ಒಂಬತ್ತು ಗಂಟೆಯ ಮೀಟಿಂಗುಗಳನ್ನು ಬೆಳಿಗ್ಗೆಗೆ ಹಾಕಿಸಿಕೊಂಡಿದ್ದೇನೆ. ನಮ್ಮ ಮ್ಯಾನೇಜರ್‌ಗೆ ಕಾರಣ ಹೇಳಿದಾಗ, ತಾನು ತೆಲುಗು ಮಾಧ್ಯಮದವನು ಅಂತ ಅವರು ಮೊದಲ ಸಲ ಬಾಯಿಬಿಟ್ಟರು.

ಹಾಗಂತ ಎಲ್ಲ ಸಲೀಸಾಗಿಲ್ಲ. ವೆಕ್ಟರು ಇನ್ನೂ ಕಾಡುತ್ತಿದೆ. ಸೈನ್ ಎಲ್ಲಿ, ಕಾಸ್ ಎಲ್ಲಿ ಅಂತ ಪ್ರತಿ ಸಲ ತಡಕಾಡುತ್ತಾಳೆ, ಅದಕ್ಕೆ ಕನ್ನಡದಲ್ಲಿ ಹೇಳಿದರೂ ಅಷ್ಟೇ, ಇಂಗ್ಲಿಷಿನಲ್ಲಿ ಹೇಳಿದರೂ ಅಷ್ಟೇ, ಕೂತು ಮಾಡಬೇಕು. ನೋಟ್‌ಬುಕ್ಕಿನ ಹಿಂದೆ ಒಂದು ಪಟ್ಟಿ ಮಾಡಿಸಿದ್ದೇನೆ. ಇಂಗ್ಲಿಷ್ ಪದ, ಎದುರಿಗೆ ತಾನು ಕಲಿತ ಕನ್ನಡ ಪದ, ಅದರೆದುರು ಅವಳದೇ ಮಾತಿನ ಒಂದು ಸಾಲು. ಡಿಕ್ಷನರಿ ಮುಟ್ಟಬಾರದು ಅಂತ ಷರತ್ತು. ‘ವರ್ಕ್’ ಎದುರು ಅವಳು ಬರೆದಿರುವುದು: ಅಜ್ಜಿ ಹುಲ್ಲಿನ ಹೊರೆ ಹೊತ್ತು ಸಮತಟ್ಟಿನ ಮೇಲೆ ಒಂದು ಮೈಲಿ ನಡೆದರೂ, ಹೊರೆಯ ಮೇಲೆ ಅಜ್ಜಿ ಮೇಲ್ಮುಖವಾಗಿ ಹಾಕಿದ ಬಲ ಮಾಡಿದ ಕೆಲಸ ಸೊನ್ನೆ, ಇದನ್ನು ಅಜ್ಜಿಗೆ ಹೇಳಬಾರದು.

ನೀಟ್ ಪರೀಕ್ಷೆಯನ್ನು 2017ರಿಂದ, ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲೂ ಬರೆಯಬಹುದು. ಪರೀಕ್ಷೆಗೆ ಬಂದ ಭಾಷೆ ಪಾಠಕ್ಕೂ ಒಂದಿಷ್ಟು ಬಂದರೆ ಇಂಥ ಪಟ್ಟಿಗಳನ್ನು ಹಿಂದಿನ ಪುಟದಲ್ಲಿ ಬರೆದುಕೊಳ್ಳಬೇಕಾಗಿರಲಿಲ್ಲ ಅಂತ ಅನ್ನಿಸುತ್ತದೆ.

ಅವಳಿಗೆ ಖುಷಿ ಇರುವುದು ಲ್ಯಾಬಿನಲ್ಲಿ. ದಸರಾ ರಜೆಯಲ್ಲಿ ನಾನು ಊರಿಗೆ ಹೋದಾಗ ಜಂತಿಯ ಕೊಂಡಿಗೆ ದಾರ ಕಟ್ಟಿ, ತುದಿಗೆ ಹಳೆಯ ಬೀಗ ನೇತುಹಾಕಿದಳು. ಉದ್ದ ಅಳೆಯಲು ಚಿಕ್ಕಮ್ಮನ ಹೊಲಿಗೆ ಟೇಪು. ಕೊಂಡಿಯಿಂದ ಬೀಗದ ನಡುವಿನವರೆಗೆ ಒಂದು ಮೀಟರ್. ಇಪ್ಪತ್ತು ಸಲ ಹೋಗಿ ಬರಲು ಮೊಬೈಲಿನಲ್ಲಿ ನಲವತ್ತು ಸೆಕೆಂಡು. ದಾರವನ್ನು ಕಾಲು ಮೀಟರಿಗೆ ಇಳಿಸಿದಳು. “ಈಗ ಹತ್ತು ಸೆಕೆಂಡು ಆಗ್ಬೇಕಲ್ವಾ?” ಅಂತ ಚಿಕ್ಕಮ್ಮನೇ ಕೇಳಿದಳು. ಇಪ್ಪತ್ತಾಯಿತು. ಉದ್ದ ಕಾಲುಭಾಗ ಆದರೆ ಹೊತ್ತು ಅರ್ಧ ಮಾತ್ರ ಆಗುತ್ತದೆ. “ಅದ್ಯಾಕಂಗೆ?” ಅಂತ ಚಿಕ್ಕಮ್ಮ ಹೊಲಿಯುವುದನ್ನು ನಿಲ್ಲಿಸಿ ಎದ್ದು ಬಂದಳು. ನಾನು ಬಾಯಿ ತೆರೆಯುವ ಮೊದಲೇ ಪುಟ್ಟಿ ವರ್ಗಮೂಲದಿಂದ ಶುರು ಮಾಡಿ, ಒಂಬತ್ತು ಚಿಲ್ಲರೆಯ ಜಿ ಬೆಲೆಯವರೆಗೆ ವಿವರಿಸಿದಳು. ಚಿಕ್ಕಮ್ಮನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಟೇಪನ್ನು ಕತ್ತಿಗೆ ಹಾಕಿಕೊಂಡು ಪೂರ್ತಿ ಕೇಳಿದಳು.

ಎರಡನೇ ಟೆಸ್ಟಿನಲ್ಲಿ 35ಕ್ಕೆ 16 ಬಂತು. ಕ್ಲಾಸಿನಲ್ಲಿ ಇದೇನು ದೊಡ್ಡ ಅಂಕವಲ್ಲ.

ಹೋದ ವಾರದ ಫೋನಿನಲ್ಲಿ ಇನ್ನೊಂದು ಸುದ್ದಿ ಇತ್ತು. ತಿರುಗುವ ಚಲನೆಯ ಪಾಠ ನಡೆಯುತ್ತಿತ್ತಂತೆ. ಮೊಮೆಂಟ್ ಆಫ್ ಇನರ್ಷಿಯಾ ಬಂತಂತೆ. ಪುಟ್ಟಿ ಎದ್ದು ನಿಂತು, “ಸರ್, ಅರ್ಥ ಆಗ್ಲಿಲ್ಲ, ಒಂದ್ಸಲ ಕನ್ನಡದಲ್ಲಿ ಹೇಳಿ” ಅಂದಳಂತೆ.

“ಬೈದ್ರಾ?” ಅಂತ ಕೇಳಿದೆ.

“ಇಲ್ಲಣ್ಣ. ಒಂದು ನಿಮಿಷ ಸುಮ್ನಿದ್ರು. ಆಮೇಲೆ ‘ಇನ್ನು ಯಾರ‍್ಯಾರಿಗೆ ಆಗಿಲ್ಲ, ಕೈ ಎತ್ತಿ’ ಅಂದ್ರು.”

“ಎಷ್ಟು ಜನ ಎತ್ತಿದ್ರು?”

“ನಾನು ಮುಂದೆ ನೋಡ್ತಾ ಇದ್ದೆ, ಹಿಂದಿನ ಬೆಂಚು ಕಾಣಿಸಲಿಲ್ಲ. ಆದ್ರೆ ಸರ್ ಚಾಕ್‌ಪೀಸ್ ಕೆಳಗಿಟ್ಟು, ರಾಗಿ ಬೀಸೋ ಕಲ್ಲಿಂದ ಶುರು ಮಾಡಿದ್ರು.”